ಗೋಡೆಗೆ ಗೋಡೆ ಅಂಟಿದ ಬೀದಿ

ಕನಕಪುರ
12-6-1986

ಚಿ. ಸರ್ವಮಂಗಳೆಗೆ ಅಪ್ಪನ ಆಶೀರ್ವಾದ.

ನಿನಗೆ ಮನೆ ಗೊತ್ತುಮಾಡಿದ್ದೇನೆ. ವರ್ಗವಾಗಿರುವ ಸ್ಕೂಲಿಗೆ ನಡೆದೇ ಹೋಗಬಹುದು.

ಮೊದಲು ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಿದೆ. ಅಗಲವಾದ ರಸ್ತೆ, ಎತ್ತರದ ಕಾಂಪೌಂಡು, ಪಕ್ಕದ ಸೈಟು ಖಾಲಿ. "ಒಳ್ಳೇ ಏರಿಯಾ ಕಣಣ್ಣ, ಯಾರೂ ಯಾರ ಮನೆ ಕಡೀಕೂ ತಲೆ ಹಾಕಾಕಿಲ್ಲ" ಎಂದ ಬ್ರೋಕರು. ನಾನು ಒಳಕ್ಕೂ ಹೋಗದೆ ಹಿಂತಿರುಗಿದೆ. ನಿನ್ನ ಮದುವೆಗೆ ಮೊದಲು ರಾಮನಗರದಲ್ಲಿ ಗಂಡಿನ ಮನೆ ನೋಡಲು ಹೋದಾಗ ನಾನು ಮೆಚ್ಚಿಕೊಂಡು ಬಂದದ್ದು ಇಂಥದೇ ಕಾಂಪೌಂಡನ್ನು.

ಈಗ ಗೊತ್ತುಮಾಡಿರುವುದು ಪೇಟೆಯ ಹಿಂದಿನ ಬೀದಿಯಲ್ಲಿ. ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಿವೆ. ಎದುರು ಜಗುಲಿಯ ಹೆಂಗಸರು ರಾಗಿ ಹಸನು ಮಾಡುತ್ತಾ ಹೋಗಿಬರುವವರನ್ನೆಲ್ಲ ವಿಚಾರಿಸುತ್ತಾರೆ. ನನ್ನನ್ನೂ ಬಿಡಲಿಲ್ಲ. ಇಂಥವರನ್ನು ಕಂಡರೆ ನಿನಗಾಗದು, ಗೊತ್ತು. ಸಹಿಸಿಕೋ.

ಕೈಗೆ ಹಾಕಿರುವ ಕಟ್ಟು ಬಿಚ್ಚುವ ತನಕ ಮಾಗಡಿಯಲ್ಲಿ ಚಿಕ್ಕಮ್ಮನ ಮನೆಯಲ್ಲೇ ಇರು. ಡಾಕ್ಟರು ಮತ್ತೆ ಕೇಳಿದರೆ ಬಚ್ಚಲಲ್ಲಿ ಜಾರಿದೆ ಎನ್ನಬೇಡ. ಪಾತ್ರೆ ಪಗಡ ನಾನು ತರುತ್ತೇನೆ. ರಾಮನಗರದಿಂದ ಏನೂ ತರಬೇಕಿಲ್ಲ, ಅಲ್ಲಿಗೆ ನೀನು ಹೋಗುವುದೂ ಬೇಡ. ಹೊರಡುವ ದಿನ ತಿಳಿಸು, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ.

ಬೀಗದಕೈ ಇಸಿದುಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಖಾಲಿ ಅಡುಗೆಮನೆಯಲ್ಲಿ ನಿಂತು, ಚೀಲದಲ್ಲಿದ್ದ ಹಿತ್ತಾಳೆ ಚೊಂಬನ್ನು ಬೇಕೆಂದೇ ನೆಲಕ್ಕೆ ಕೆಡವಿದೆ. ಅದು ಉರುಳುವುದು ನಿಲ್ಲುವಷ್ಟರಲ್ಲಿ ಪಕ್ಕದ ಮನೆಯ ರೇವಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಿದ್ದರು. "ಯಾರ್ಗೇನಾಯ್ತು?" ಎಂದರು.

ನಿನ್ನ ಅಪ್ಪ,
ಬಸವಲಿಂಗಯ್ಯ