ಜಡೆಯ ವಿಷಯದಲ್ಲಿ ನಿನ್ನ ಅಪ್ಪಣೆ

ಇಸಳೂರು, ಶಿರಸಿ
ಪಿತೃಪಕ್ಷ ಮುಗಿದ ಮೇಲೆ, ೨೦೦೩

ಪ್ರೀತಿಯ ಭುವನಕ್ಕಾ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಇದರ ಮುಂದಿನ ವಾಕ್ಯದಲ್ಲಿ ನಿನ್ನ ಆರೋಗ್ಯ ವಿಚಾರಿಸಬೇಕು. ತೀರಿಕೊಂಡು ನಾಲ್ಕು ವರ್ಷವಾದ ಅಕ್ಕನ ಆರೋಗ್ಯ ವಿಚಾರಿಸುವ ಬಗೆಯನ್ನು ನಮಗೆ ಪತ್ರಲೇಖನ ಕಲಿಸಿದ ತ್ಯಾಗಲಿ ಶಾಲೆಯ ಮಾಸ್ತರರು ಹೇಳಿಕೊಡಲಿಲ್ಲ. ಹಾಗಾಗಿ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತೇನೆ.

ಬರೆಯಲು ಕಾರಣವೇನೆಂದರೆ, ನಿನ್ನ ಮಗಳು ಗಗನಾ ನನ್ನ ಮೇಲೆ ನಿನ್ನ ಸನ್ನಿಧಾನದಲ್ಲಿ ದೂರು ಸಲ್ಲಿಸಿದ್ದಾಳೆ. ನೀನು ವಿಚಾರಣೆ ನಡೆಸಿ ತೀರ್ಪನ್ನೂ ಕೊಟ್ಟಾಗಿದೆ. ಪ್ರತಿವಾದಿಯಾದ ನನಗೆ ಬಾಯಿ ತೆರೆಯಲು ಅವಕಾಶವೇ ಸಿಗಲಿಲ್ಲ, ಕೈಯಲ್ಲಿ ಪಾಯಸದ ಪಾತ್ರೆ ಇತ್ತು. ಆ ಅವಕಾಶವನ್ನು ಈಗ ತೆಗೆದುಕೊಳ್ಳುತ್ತಿದ್ದೇನೆ.

ಮೊದಲು ಮನೆಯ ಸ್ಥಿತಿಗತಿ. ಬೆಳಗಿನ ಆಡಳಿತ ತೆಳ್ಳೇವಿನ ದೋಸೆಕಾವಲಿಯಿಂದ ಶುರುವಾಗುತ್ತದೆ. ನಿನ್ನ ಮಗ ಚಿರಂತನನಿಗೆ ತೆಳ್ಳೇವು ಗರಿಗರಿಯಾಗಿ, ಹಪ್ಪಳದ ಸದ್ದು ಮಾಡಬೇಕು. ಗಗನಾಗೆ ಮೆತ್ತಗಿರಬೇಕು, ಮಡಚಬೇಕು, ಮಡಚಿದ ಮೇಲೆ ಒಳಗಿನ ಬೆಲ್ಲ ಯಾರಿಗೂ ಕಾಣಬಾರದು. ಒಂದೇ ಕಾವಲಿ, ಒಂದೇ ಹಿಟ್ಟು, ಎರಡು ವಿರೋಧ ಪಕ್ಷ. ಅಷ್ಟರಲ್ಲಿ ಒಂದು ಕಾಲುಚೀಲ ಕಾಣೆಯಾಗುತ್ತದೆ. ಈ ಮನೆಯಲ್ಲಿ ಜೋಡಿ ಕಾಲುಚೀಲ ಒಟ್ಟಿಗೆ ಕಾಣೆಯಾದದ್ದಿಲ್ಲ, ಯಾವಾಗಲೂ ಒಂದೇ. ನಾಗಪತಿ ಭಾವ ಸೊಸೈಟಿಯ ಕೆಲಸಕ್ಕೆ ಹೊರಟು ಬೈಕಿಗೆ ಕಿಕ್ ಹೊಡೆಯುತ್ತಾ, 'ಇನ್ನೂ ಆಗಿಲ್ಯಾ?' ಎಂದು ಅಂಗಳದಿಂದಲೇ ಕೇಳುತ್ತಾರೆ. ಆ ಪ್ರಶ್ನೆಗೆ ನೀನು ಏನು ಉತ್ತರ ಕೊಡುತ್ತಿದ್ದೆಯೋ ತಿಳಿಯದು. ನಾನು ಕೊಡುವ ಉತ್ತರವನ್ನು ಪತ್ರದಲ್ಲಿ ಬರೆಯಲು ಬರುವುದಿಲ್ಲ.

ಹೌದು, ಈಗಲೂ ಭಾವ ಎಂದೇ ಬಾಯಿಗೆ ಬರುತ್ತದೆ. ಮದುವೆಯಾಗಿ ಮೂರನೆಯ ವರ್ಷ ನಡೆಯುತ್ತಿದ್ದರೂ ಮೊನ್ನೆ ಬ್ಯಾಂಕಿನಲ್ಲಿ ಮ್ಯಾನೇಜರರ ಎದುರೇ, 'ಭಾವಾ, ಸಹಿ ಎಲ್ಲಿ ಹಾಕವು?' ಎಂದುಬಿಟ್ಟೆ. ಅವರು ಅರ್ಜಿಯಲ್ಲಿ ಬರೆದ 'ಪತ್ನಿ' ಎಂಬುದನ್ನೂ ನನ್ನ ಮುಖವನ್ನೂ ಸರದಿಯಲ್ಲಿ ನೋಡಿದರು.

ನಿನ್ನ ಜಾಗಕ್ಕೆ ಬರಬೇಕೆಂದು ನಾನು ಹೊರಟು ಬಂದವಳಲ್ಲ. ಅದು ನಿನಗೆ ಗೊತ್ತು. ಕಾಮಾಲೆ ಹೆಚ್ಚಾಗಿ ನಿನ್ನನ್ನು ಹುಬ್ಬಳ್ಳಿಗೆ ಒಯ್ಯುವಾಗ ಕಾರಿನ ಕಿಟಕಿಯಿಂದ ಕೈ ಹೊರಹಾಕಿ, 'ಆನು ಬಪ್ಪಲ್ಲಿವರೆಗೆ ಮಕ್ಕಳ ನೋಡ್ಕ್ಯ' ಅಂದೆ. ಕೈ ಹಳದಿಯಾಗಿತ್ತು, ಅರಿಶಿನ ಹಚ್ಚಿದಂತೆ. ಗಗನಾ ಆಗ ನನ್ನ ಹೆಗಲ ಮೇಲಿನ ಕೂಸು. ನೀನು ಬರಲಿಲ್ಲ. ನಾನು ನೋಡಿಕೊಳ್ಳುತ್ತಾ ಇದ್ದೆ. ವರ್ಷಾಂತಿಕ ಕಳೆದ ಮೇಲೆ ಹಿರಿಯರೆಲ್ಲ ಜಗಲಿಯಲ್ಲಿ ಕುಳಿತು, ತೊಟ್ಟಿಲು ತೂಗಲು ಬಂದವಳನ್ನು ಮನೆಯವಳನ್ನಾಗಿ ಮಾಡುವ ಮಾತಾಡಿದರು. ಯಾರೂ ಒತ್ತಾಯ ಮಾಡಲಿಲ್ಲ. ಆ ಹೊತ್ತಿಗೆ ಕೂಸು ನನ್ನ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಿತ್ತು. ಎದ್ದುನಿಂತು ಇಲ್ಲ ಎನ್ನಬೇಕಾದರೆ ಮೊದಲು ಸೆರಗು ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳಲಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಹಟ ಮಾಡಿದೆ. 'ಸಣ್ಣದಕ್ಕೆ ಎಂತ ಗೊತ್ತಾಗ್ತು? ನಿನ್ನನ್ನೇ ಆಯಿ ಹೇಳಿ ಕರೆಯಲಿ' ಎಂದು ಅತ್ತೆ ಹೇಳಿದರು, ನಮ್ಮನ್ನು ಹೆತ್ತ ತ್ಯಾಗಲಿ ಆಯಿಯೂ ಹೇಳಿದಳು. ನಾನು ಒಪ್ಪಲಿಲ್ಲ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರವಸ್ತ್ರ ಒಳಗೆಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ 'ಆಯಿ' ಎಂಬ ಕರೆಯ ಮೇಲೆ ನಿನ್ನ ಕರವಸ್ತ್ರ ಹಾಕಿಟ್ಟೆ. ನಾನು ಪಕ್ಕದಲ್ಲೇ ಕಂಬಿ ಹಿಡಿದು ನಿಂತೆ, ಚಿಕ್ಕಿಯಾಗಿ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರನ್ನೂ ನಿನ್ನ ಫೋಟೋದ ಎದುರು ನಿಲ್ಲಿಸಿ, 'ಇದು ಯಾರು?' ಎಂದು ಕೇಳುತ್ತಿದ್ದೆ. ಚಿರಂತನನ ಮೊದಲ ಹುಟ್ಟುಹಬ್ಬಕ್ಕೆ ಸ್ಟುಡಿಯೋದಲ್ಲಿ ತೆಗೆಸಿದ್ದೆಯಲ್ಲ, ಗಿಳಿಹಸಿರು ಸೀರೆ, ಕೆಂಪು ಅಂಚು, ಕಣ್ಣು ಸ್ವಲ್ಪ ಮುಚ್ಚಿದ್ದು, ಅದೇ. ಗಗನಾ 'ಆಯಿ' ಎನ್ನುತ್ತಿದ್ದಳು, ಮಗ್ಗಿ ಒಪ್ಪಿಸುವ ಸ್ವರದಲ್ಲಿ. ಆಮೇಲೆ ಓಡಿ ಬಂದು ನನ್ನ ಕಾಲು ತಬ್ಬಿ, 'ಚಿಕ್ಕೀ' ಎನ್ನುತ್ತಿದ್ದಳು. ಅಕ್ಕಾ, ನಿಂತವರಿಗೂ ಒಮ್ಮೊಮ್ಮೆ ಕಾಲು ಸೋಲುತ್ತದೆ. ಪಕ್ಕದ ಸೀಟು ಖಾಲಿಯೇ ಇರುವಾಗ ಇನ್ನೂ ಹೆಚ್ಚು.

ಈಗ ಮೊಕದ್ದಮೆಗೆ ಬರುತ್ತೇನೆ.

ಈ ಸಲ ಅವಿಧವಾ ನವಮಿಯನ್ನು ನಮ್ಮ ಮನೆಯಲ್ಲೇ ಮಾಡಿದೆವು. ಹಿಂದಿನ ವರ್ಷಗಳಲ್ಲಿ ಕುಟುಂಬದ ಮೂಲಮನೆಯಲ್ಲಿ ನಡೆಯುತ್ತಿತ್ತು, ಮಕ್ಕಳನ್ನು ಕರೆದೊಯ್ಯುತ್ತಿರಲಿಲ್ಲ. ಮುತ್ತೈದೆಯಾಗಿ ಹೋದವರ ಹೆಸರಿನಲ್ಲಿ ಒಬ್ಬ ಮುತ್ತೈದೆಯನ್ನು ಕರೆದು, ಸೀರೆ ಉಡಿಸಿ, ಹೂವು ಮುಡಿಸಿ, ಹೋದವಳೇ ಬಂದಳೆಂದು ಬಡಿಸಬೇಕಲ್ಲ. ವಾನಳ್ಳಿಯಿಂದ ದೇವಕ್ಕನನ್ನು ಕರೆದಿದ್ದೆವು, ಅತ್ತೆಯ ಕಡೆಯವರು, ನಿನಗಿಂತ ತುಸು ದೊಡ್ಡವರು, ಮಾತು ಮೆತ್ತಗೆ. ಸೀರೆ ತರುವ ಕೆಲಸ ನನ್ನದು. ಪೇಟೆಯಲ್ಲಿ ಇಸಾಕ್ ಸಾಹೇಬರು ಅಂಗಡಿಯ ಅರ್ಧ ಸೀರೆ ಬಿಡಿಸಿ ಹಾಕಿ, 'ಅಕ್ಕೋರೆ, ಯಾವ್ದು ಬೇಕು ಅದನ್ನಾರ ಹೇಳ್ರಿ' ಎಂದು ಕೈಮುಗಿದ ಮೇಲೆ ಸಿಕ್ಕಿತು: ಗಿಳಿಹಸಿರು, ಕೆಂಪು ಅಂಚು. ನಿನ್ನ ಹೆಸರಿನ ಸೀರೆ ನಿನ್ನ ಬಣ್ಣದ್ದೇ ಇರಲಿ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಬೆಳಿಗ್ಗೆಯಿಂದಲೇ ಅತ್ತೆ ವಡೆ ಕರಿಯುತ್ತಾ, ಕೈ ಹಾಕಲು ಬಂದ ಗಗನಾಗೆ, 'ಮುಟ್ಟಲಾಗ. ಇಂದು ನಿನ್ನ ಆಯಿ ಉಂಬಲೆ ಬತ್ತು' ಎಂದಿದ್ದರು. ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಅದು. ಆದರೆ ಕೇಳಿಸಿಕೊಂಡವಳಿಗೆ ನಾಲ್ಕು ವರ್ಷ.

ದೇವಕ್ಕ ಹೊಸ ಸೀರೆ ಉಟ್ಟು ಮಣೆಯ ಮೇಲೆ ಕುಳಿತರು. ನಾನು ಬಡಿಸುತ್ತಿದ್ದೆ. ಗಗನಾ ಬಾಗಿಲ ಹತ್ತಿರ ನಿಂತು ಅವರನ್ನು ನೋಡಿದಳು, ಹಾಲ್‌ಗೆ ಓಡಿ ಫೋಟೋ ನೋಡಿದಳು, ಮತ್ತೆ ಬಂದು ಅವರನ್ನು ನೋಡಿದಳು. ನೇರ ಹೋಗಿ ಅವರ ಬಾಳೆಲೆಯ ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಕೇಳಿದಳು: 'ಆಯೀ, ಇಷ್ಟ್ ದಿನ ಎಲ್ಲಿಗೆ ಹೋಗಿದ್ದೆ?'

ದೇವಕ್ಕ ನನ್ನ ಮುಖ ನೋಡಿದರು. ಅಲ್ಲ ಎನ್ನುವಂತಿಲ್ಲ, ನಿನ್ನ ಹೆಸರಿನ ಎಲೆಯ ಮುಂದೆ ಕುಳಿತವರು. ಹೌದು ಎನ್ನಲು ಬಾಯಿ ಬಾರದು. ಕೊನೆಗೆ ತಮಗೆ ತಿಳಿದ ಒಂದೇ ನಿಜವನ್ನು ಹೇಳಿದರು: 'ಇಲ್ಲೇ ಕೂಸೇ, ವಾನಳ್ಳಿಗೆ.'

ಆಗಲೇ ದೂರು ಸಲ್ಲಿಕೆಯಾದದ್ದು. ಅಣ್ಣ ಪೆನ್ಸಿಲ್ ಕೊಡುವುದಿಲ್ಲ ಎಂಬುದು ಮೊದಲನೆಯದು, ಅದನ್ನು ಅವಳೇ ಕೈಬಿಟ್ಟಳು. ಮುಖ್ಯವಾದದ್ದು ಇದು: 'ಚಿಕ್ಕಿ ಜಡೆ ಬಿಗೀ ಹಾಕ್ತು ಆಯೀ. ನೋವಾಗ್ತು. ಸಡಿಲ ಹಾಕಲೆ ಹೇಳು.'

ದೇವಕ್ಕನ ಕಣ್ಣು ತುಂಬಿತ್ತು. ಆ ಎಲೆಯ ಮುಂದೆ ಅಳಬಾರದು, ತೃಪ್ತಿಯಾಗಿ ಉಂಡು ಏಳಬೇಕು. ತುತ್ತು ನುಂಗಿ ನನ್ನತ್ತ ತಿರುಗಿ, 'ಸಡಿಲ ಹಾಕೇ ಜಲಜಾ' ಅಂದರು. 'ಆತು' ಅಂದೆ. ಭಾವ ಬಾಗಿಲ ಮರೆಗೆ ಹೋಗಿ ಕನ್ನಡಕ ಒರೆಸಿಕೊಂಡರು. ಒರೆಸಿದ್ದು ಕನ್ನಡಕವೊಂದನ್ನೇ ಅಲ್ಲ.

ಈಗ ನನ್ನ ವಾದ ಕೇಳು. ಬಿಗಿ ಜಡೆ ನನ್ನ ಆವಿಷ್ಕಾರವಲ್ಲ. ನನ್ನನ್ನು ತ್ಯಾಗಲಿಯ ಜಗಲಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಮಿಸುಕಾಡದಂತೆ ಎರಡು ಮೊಣಕಾಲಿನ ನಡುವೆ ಅಮುಕಿ, ಕೈಯನ್ನು ನೀರಲ್ಲಿ ಅದ್ದಿ, ಹುಬ್ಬು ಹಣೆಯ ಅರ್ಧಕ್ಕೆ ಏರುವಷ್ಟು ಎಳೆದು ಹೆಣೆಯುತ್ತಿದ್ದವರು ಯಾರು? ನಾನು ಅತ್ತರೆ, 'ಸಂಜೆವರೆಗೆ ಬಿಚ್ಚಲಾಗ, ಅದಕ್ಕೇ' ಎನ್ನುತ್ತಿದ್ದವರು ಯಾರು? ನನಗೆ ಬರುವುದು ಅದೊಂದೇ ಜಡೆ, ಅದು ನಿನ್ನದು. ನಿನ್ನ ಮಗಳ ತಲೆಯಲ್ಲಿ ನಿನ್ನದೆಂದು ದಿನಾ ಬೆಳಿಗ್ಗೆ ನಾನು ಇಡಬಹುದಾಗಿದ್ದದ್ದೂ ಅದೊಂದೇ. ಅವಳು ನಿನ್ನ ಕೈಯ ಮೇಲೆ ನಿನ್ನಲ್ಲೇ ದೂರು ಕೊಟ್ಟಳು, ನೀನು ನಿನ್ನ ಕೈಯನ್ನೇ ಮನೆಯಿಂದ ಹೊರಗೆ ಹಾಕಿದೆ.

ಚಿರಂತನ ಅಲ್ಲೇ ಕುಳಿತಿದ್ದ. ಎಂಟು ವರ್ಷದವನು, ನಿನ್ನನ್ನು ಕಂಡವನು. ಎಲ್ಲಿ ಕೂಗಿ ಹೇಳಿಬಿಡುತ್ತಾನೋ ಎಂದು ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ. ಹೇಳಲಿಲ್ಲ. ಊಟ ಬಿಟ್ಟು ಎದ್ದುಹೋದ. ಹುಡುಕಿದರೆ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ. ನನ್ನತ್ತ ನೋಡದೆ ಅಂದ: 'ಆಯಿಗೆ ಹಾಗಲಕಾಯಿ ಸೇರ್ತಿತ್ತಿಲ್ಲೆ. ಇದು ಎರಡು ಸಲ ಹಾಕಿಸ್ಕ್ಯಂಡ್ಚು.' ಆಮೇಲೆ, 'ಗಗನಂಗೆ ಹೇಳವಾ ಚಿಕ್ಕಿ?' ಎಂದು ಕೇಳಿದ. 'ಆನೇ ಹೇಳ್ತೆ, ಇಂದು ಬ್ಯಾಡ' ಅಂದೆ. ಅವನು ತಲೆಯಾಡಿಸಿದ. ನಿನ್ನ ಮಗ ಅಷ್ಟು ದೊಡ್ಡವನಾಗುವ ಅಗತ್ಯ ಇಷ್ಟು ಬೇಗ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ದೇವಕ್ಕ ಹೊರಟರು. ಗಗನಾ ಅವರ ಕೈ ಬಿಡಲಿಲ್ಲ, ಇಸಳೂರಿನ ಸ್ಟಾಪಿನವರೆಗೆ ಹಿಡಿದೇ ನಡೆದಳು. ಬಸ್ಸು ಬಂದಾಗ ರಂಪ ಮಾಡಿಯಾಳು, ಎತ್ತಿಕೊಂಡು ಓಡಬೇಕಾದೀತು ಎಂದು ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿದ್ದೆ. ಬಸ್ಸು ನಿಂತಿತು. ದೇವಕ್ಕ ಹೊರಡುವಾಗ ಮಕ್ಕಳನ್ನು ಎಲ್ಲರೂ ಕೇಳುವಂತೆ, ಬಾಯಿಮಾತಿಗೆ, ಕೇಳಿಬಿಟ್ಟರು: 'ಎನ್ನ ಸಂಗಡ ವಾನಳ್ಳಿಗೆ ಬತ್ಯನೇ?'

ಗಗನಾ ಯೋಚನೆ ಮಾಡಿದಳು. ಅವಳು ಯೋಚಿಸುವಾಗ ಕೆಳತುಟಿ ಒಳಗೆ ಹೋಗುತ್ತದೆ, ನಿನ್ನದು ಹೋಗುತ್ತಿದ್ದಂತೆ. ದೇವಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಬಿಟ್ಟಳು.

'ಇಲ್ಲೆ. ಚಿಕ್ಕಿ ಮನೇಲಿ ಒಂದೇ ಆಗ್ತು.'

ಆಮೇಲೆ ದೊಡ್ಡವರು ನೆಂಟರನ್ನು ಕಳಿಸುವ ಧಾಟಿಯಲ್ಲಿ, 'ಮುಂದಿನ ವರ್ಷ ಬಾ ಆಯೀ' ಅಂದಳು.

ನಾಲ್ಕು ವರ್ಷ ನಾನು ಒಳಗೊಳಗೇ ಕಾಯುತ್ತಿದ್ದದ್ದು ಇಂಥದೊಂದು ಮಾತಿಗೇ ಇರಬೇಕು. ಸಿಕ್ಕಿತು. ಸಿಕ್ಕಿದ ಗಳಿಗೆಯಲ್ಲಿ ನನಗೆ ಕಂಡದ್ದು ಮಾತ್ರ ಬಸ್ಸಿನ ಕಿಟಕಿಯಲ್ಲಿ ದೂರವಾಗುತ್ತಿದ್ದ ಗಿಳಿಹಸಿರು ಸೆರಗು, ಹೊರಗೆ ಚಾಚಿದ ಒಂದು ಕೈ. ಹೋದ ಸಲ ಕಾರಿನ ಕಿಟಕಿಯಿಂದ ಹೋದೆ. ಈ ಸಲ ನಿನ್ನ ಮಗಳೇ ನಿನ್ನನ್ನು ಬಸ್ಸು ಹತ್ತಿಸಿದಳು. ನನ್ನನ್ನು ಆರಿಸಿಕೊಂಡಳೆಂದು ಕುಣಿಯಬೇಕಾದವಳು ರಸ್ತೆಯ ಅಂಚಿನಲ್ಲಿ ನಿಂತು ಎಷ್ಟು ಅತ್ತೆನೆಂದರೆ, ಕೂಸೇ ನನ್ನ ಕೈ ಹಿಡಿದು ಮನೆಗೆ ಕರೆತರಬೇಕಾಯಿತು. 'ಬತ್ತು ಚಿಕ್ಕೀ, ಆಯಿ ಮತ್ತೆ ಬತ್ತು' ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿದಳು.

ಅಂದಿನಿಂದ ಅವಳ ಭೂಗೋಳದಲ್ಲಿ ಪರಲೋಕ ವಾನಳ್ಳಿಯಲ್ಲಿದೆ, ಶಿರಸಿಯಿಂದ ನೇರ ಬಸ್ಸು. ಬಸ್ಸು ಕಂಡಾಗಲೆಲ್ಲ ಎದ್ದು ನಿಲ್ಲುತ್ತಾಳೆ. 'ಬಸ್ಸು ದಿನಾ ಇದ್ದಲಾ, ಆಯಿ ಎಂತಕೆ ದಿನಾ ಬತ್ತಿಲ್ಲೆ?' ಎಂದು ಕೇಳಿದ್ದಕ್ಕೆ ಭಾವ ಪೇಪರು ಬಿಡಿಸಿದರು. ಹೇಳುತ್ತೇನೆಂದು ಚಿರಂತನನಿಗೆ ಮಾತು ಕೊಟ್ಟವಳು ನಾನು. ಮುಂದಿನ ನವಮಿ ಬರುವ ಮೊದಲು ಹೇಳುತ್ತೇನೆ. ಅವಳ ಬಳಿ ಒಬ್ಬ ಆಯಿ ಬಂದು ಉಂಡುಹೋದ ಸಂತೋಷ ಇನ್ನೂ ಸ್ವಲ್ಪ ದಿನ ಇರಲಿ.

ಅಪ್ಪಣೆಯಂತೆ ಜಡೆಯನ್ನು ಸಡಿಲ ಹಾಕುತ್ತಾ ಬಂದೆ. ಬಾಲವಾಡಿಯ ಬಾಗಿಲು ಮುಟ್ಟುವ ಮೊದಲೇ ಬಿಚ್ಚುತ್ತದೆ. ರಿಬ್ಬನ್ ದಾರಿಯಲ್ಲಿ, ಕೂದಲು ಕಣ್ಣಲ್ಲಿ, ಸಾರಿನಲ್ಲಿ. ಬಾಲವಾಡಿಯ ಅಕ್ಕೋರು ಕೇಳಿದರೆ, 'ಎನ್ನ ಆಯಿ ಹೇಳಿಕ್ಕಿ ಹೋಯ್ದು' ಎಂದು ಎದೆಯುಬ್ಬಿಸಿ ಹೇಳಿದಳಂತೆ. ನಿನ್ನ ಬಗ್ಗೆ ಅವಳು ಊರಿಗೆ ಹೇಳಿದ ಮೊದಲ ಮಾತು ಅದು. ಅದಕ್ಕಾಗಿ ಎಷ್ಟು ರಿಬ್ಬನ್ ಕಳೆದರೂ ಕಳೆಯಲಿ ಎಂದುಕೊಂಡೆ.

ಇವತ್ತು ಬೆಳಿಗ್ಗೆ ಹಣಿಗೆ, ರಿಬ್ಬನ್ ಹಿಡಿದುಕೊಂಡು ತಾನಾಗಿಯೇ ಬಂದು ನನ್ನ ಮೊಣಕಾಲಿನ ನಡುವೆ ಕುಳಿತಳು. ಫೋಟೋ ಇರುವ ಗೋಡೆಯತ್ತ ಒಮ್ಮೆ ಇಣುಕಿ, ಸ್ವರ ತಗ್ಗಿಸಿ ಅಂದಳು:

'ಚಿಕ್ಕೀ, ಬಿಗೀನೇ ಹಾಕು. ಆನು ಆಯಿಗೆ ಹೇಳ್ತ್ನಿಲ್ಲೆ.'

ಕೈಯನ್ನು ನೀರಲ್ಲಿ ಅದ್ದಿ ಹೆಣೆದೆ. ಎಳೆದಂತೆ ಅವಳ ಹುಬ್ಬು ಮೇಲೇರಿತು. ಕಣ್ಣಲ್ಲಿ ನೀರು ಬಂದರೂ ಅವಳು ತುಟಿ ಬಿಚ್ಚಲಿಲ್ಲ. ಸಂಜೆಯಾಗುತ್ತಾ ಬಂತು, ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಳೆ, ಒಂದು ಎಳೆ ಕದಲಿಲ್ಲ.

ಅವಳು ನಿನಗೆ ಹೇಳುವುದಿಲ್ಲವಂತೆ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಎರಡು ತಲೆಗಳ ಮೇಲೆ ನಿನ್ನ ಕೈಯಿರಲಿ, ಅಕ್ಕಾ. ನಿನ್ನ ಕರವಸ್ತ್ರ ಹಾಕಿದಲ್ಲೇ ಇದೆ.

ನೀನು ಬಪ್ಪಲ್ಲಿವರೆಗೆ,
ನಿನ್ನ ಜಲಜಾ