ಕಾರ್ಡಿನ ಶುಲ್ಕ ಉಳಿಸಿದ ಕೋಣೆ

ಪ್ರೀತಿಯ ನಿಮಗೆ,

‘ಕಾಲಿಟ್ಟ ನೆಲವೆಲ್ಲ ಮನೆ’ ಎಂದೋ ಏನೋ ಒಂದು ಸಾಲು, ಪೂರ್ತಿ ನೆನಪಾಗುತ್ತಿಲ್ಲ. ಅದನ್ನು ಬರೆದವರು ಎಂದಾದರೂ ಪರದೇಶದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರೇ?

ನಾನು ಕ್ಷೇಮವಾಗಿ ತಲುಪಿದೆ. ನಾವು ಮುಂಗಡ ಬಾಡಿಗೆ ಕಟ್ಟಿದ ಕೋಣೆಯ ಕಿಟಕಿ, ಹಳದಿ ಪರದೆ ಎಲ್ಲ ಚಿತ್ರದಲ್ಲಿದ್ದಂತೆಯೇ ಇವೆ. ಒಳಗೆ ಒಂದು ಸಂಸಾರ ಊಟಕ್ಕೆ ಕುಳಿತಿತ್ತು. ತಾವು ಯಾರಿಗೂ ಬಾಡಿಗೆ ಕೊಟ್ಟಿಲ್ಲ ಎಂದು ಮನೆಯಾಕೆ ಕೈಯಲ್ಲಿ ಚಮಚ ಹಿಡಿದೇ ಹೇಳಿ ಬಾಗಿಲು ಹಾಕಿಕೊಂಡರು. ‘ಕಾರ್ಡಿನಲ್ಲಿ ಕಟ್ಟಿದರೆ ನೂರಕ್ಕೆ ಮೂರು ದಂಡ, ನೇರ ನನ್ನ ಖಾತೆಗೇ ಹಾಕಿಬಿಡಿ’ ಎಂದ ಆ ಮಾಲೀಕ ಈಗ ಫೋನ್ ಎತ್ತುತ್ತಿಲ್ಲ.

‘ನೋಡಿದ್ಯಾ, ಬುದ್ಧಿ ಅಂದ್ರೆ ಇದು’ ಎಂದು ನೀವು ಅಂದು ಮೀಸೆ ತಿರುವಿದಿರಿ. ನಾನೂ ನಕ್ಕಿದ್ದೆ. ಅಡಿಕೆಗೆ ಹೋದ ಮಾನದ ಮಾತು ಈಗ ಬೇಡ.

ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಬ್ಯಾಂಕಿಗೆ ಹೋಗಿ ದೂರು ಕೊಡಿ. ಹಣ ಹಿಂದೆ ಬರದಿದ್ದರೆ ನನ್ನ ಓದು ಇಲ್ಲಿಗೇ ಮುಗಿಯುತ್ತದೆ. ಸೊಸೆ ಓದಲಿ ಎಂದು ಬಳೆ ಬಿಚ್ಚಿಕೊಟ್ಟ ಅತ್ತೆಗೆ ಮಾತ್ರ, ಕೋಣೆಗೆ ಒಳ್ಳೆಯ ಬೆಳಕಿದೆ ಎಂದು ಹೇಳಿ. ಅದು ಸುಳ್ಳಲ್ಲ.

ನಿಮ್ಮ
ಇವಳು

ಮರೆತೆ. ಇದನ್ನು ಎದುರುಮನೆಯ ನರ್ಸಮ್ಮನ (ಅವರೂ ಕನ್ನಡದವರೇ) ಅಡುಗೆಮನೆಯಲ್ಲಿ ಕುಳಿತು ಫೋನಿನಲ್ಲೇ ಬರೆಯುತ್ತಿದ್ದೇನೆ. ನಾನು ಪೆಟ್ಟಿಗೆ ಹಿಡಿದು ನಿಂತದ್ದನ್ನು ಕಂಡು ಅವರು ತಮ್ಮ ಬಾಗಿಲಲ್ಲಿ ನಿಂತು ಹೇಳಿದರು: ‘ಹೋದ ವಾರ ಇದೇ ಕೋಣೆಗೆ ದುಡ್ಡು ಕಟ್ಟಿ ಬಂದ ಹುಡುಗಿ ಗೋಳೋ ಅಂತ ಅತ್ಲು. ನೀವು ಆ ಮುಚ್ಚಿದ ಬಾಗಿಲಿಗೆ ಥ್ಯಾಂಕ್ಸ್ ಹೇಳ್ತಾ ನಿಂತಿದ್ದೀರಲ್ಲ, ಅದಕ್ಕೇ ನಂಗೆ ಭಯ ಆಯ್ತು. ಬನ್ನಿ ಒಳಗೆ.’