ಆರ್ಸೆನಿಯ ನೀಲಿ ಕೋಟು

ಅಕ್ಟೋಬರ್ 2, 1758

ಬೆಳಿಗ್ಗೆ ಮತ್ತೆ ಬಣ್ಣದೆಣ್ಣೆಯ ವಾಸನೆ. ಚಹಾಕ್ಕೂ ಅದೇ ರುಚಿ. ಚಿತ್ರಗಾರ ಲುಕಾ ಮೂಲೆಕೋಣೆ ಹಿಡಿದು ಕೂತು ತಿಂಗಳು ಕಳೆಯಿತು. ಆರ್ಸೆನಿಯ ಮುಖವೇನೋ ಮುಗಿದಿದೆ. ಯುದ್ಧಕ್ಕೆ ಹೊರಡುವ ಮೊದಲು ನನ್ನ ಮಗ ಅವನೆದುರು ಕೂತದ್ದೇ ಹೆಚ್ಚು — ಕೂತಲ್ಲಿ ಕೂರದವನು! ಬಿಳಿ ಪುಡಿ ಹಚ್ಚಿದ ಟೋಪನ್ ಕೂದಲು, ಕೆನ್ನೆಗೆ ಬೇಕಾದ್ದಕ್ಕಿಂತ ಹೆಚ್ಚು ಗುಲಾಬಿ. ನಗು ಮಾತ್ರ ಅವನದೇ. ಏನೋ ಕದ್ದು ತಿಂದವನ ನಗು.

ಕತ್ತಿನ ಕೆಳಗೆ ಖಾಲಿ. ಮುಖ ಯಜಮಾನನದು, ಮೈ ಆಳಿನದು — ಎಲ್ಲರ ಮನೆಯಲ್ಲೂ ಹೀಗೆಯೇ. ಆರ್ಸೆನಿ ತನ್ನ ತಿಳಿನೀಲಿ ರೇಷ್ಮೆ ಕೋಟನ್ನು ಬಿಟ್ಟುಹೋಗಿದ್ದಾನೆ. ಅದನ್ನು ತೊಟ್ಟು ನಿಲ್ಲುವವನು ಯೆಫಿಮ್, ದಾದಿ ಮವ್ರಾಳ ಮಗ. ಇಬ್ಬರೂ ಅವಳ ಹಾಲು ಕುಡಿದು ಬೆಳೆದವರು. ಅಳತೆಯೂ ಒಂದೇ.

ಇವತ್ತು ಕೋಟು ತೊಟ್ಟ ಯೆಫಿಮ್‌ನನ್ನು ಹಿಂದಿನಿಂದ ಕಂಡು, ಮಗನನ್ನು ಮುದ್ದಿನಿಂದ ಕರೆಯುವ ಹಾಗೆ "ಆರ್ಸ್ಯೂಷಾ" ಎಂದುಬಿಟ್ಟೆ. ತಿರುಗಿದ. ಪಾಪ, ನನಗಿಂತ ಅವನಿಗೇ ನಾಚಿಕೆ.

ಅಕ್ಟೋಬರ್ 5

ಸೈನ್ಯಕ್ಕೆ ಮತ್ತೆ ಆಳು ಕೊಡಬೇಕಂತೆ. ನಮ್ಮ ಹಳ್ಳಿಯಿಂದ ಒಬ್ಬ. ಯಜಮಾನರು ಎಲೆಕೋಸಿನ ಸಾರು ಹೀರುತ್ತಲೇ ಹೇಳಿದರು.

"ಯೆಫಿಮ್ ಹೋಗ್ಲಿ. ಉಳೋನಲ್ಲ, ಬಿತ್ತೋನಲ್ಲ."

"ಚಿತ್ರ?"

"ಅದು ಮುಗಿದ್ಮೇಲೆ ಕಣೇ. ಅಷ್ಟೂ ತಿಳಿಯಲ್ವಾ ನಂಗೆ?"

ಹೋದವರು ಬರುವುದಿಲ್ಲ. ಮೈಯಲ್ಲಿ ಕಸುವಿರುವವರೆಗೂ ಬಂದೂಕು. ಹಣೆಯ ಮೇಲಿನ ಕೂದಲು ಬೋಳಿಸಿದರೆಂದರೆ ಮುಗಿಯಿತು, ಮನೆಯವರು ಸತ್ತವನಿಗೆ ಅಳುವ ಹಾಗೆ ಅತ್ತುಬಿಡುತ್ತಾರೆ.

ಮವ್ರಾ ಬಂದು ಕಾಲು ಹಿಡಿದಳು. "ತಾಯಿ, ಧಣೇರ್ಗೆ ಒಂದ್ ಮಾತು ಏಳಿ. ನಂಗಿರಾನು ಅವ್ನೊಬ್ನೇಯ."

ಹೇಳದೆ ಬಿಟ್ಟೆನೇ? ಹೇಳಿದೆ.

"ನಿನ್ನ ಮಗ ಹೋಗ್ಲಿಲ್ವಾ? ಅವಳ ಮಗನಿಗೇನು ಕೊಂಬಿದ್ಯಾ?"



ಅಕ್ಟೋಬರ್ 8

ಚಿತ್ರ ಮುಗಿಯದೇ ಹೋದರೆ? ಆಳು ಕೊಡುವ ಗಡುವು ನವೆಂಬರ್ ಮೊದಲ ವಾರ. ಅಲ್ಲಿಯವರೆಗೆ ಎಳೆದರೆ ಬೇರೆ ಯಾರನ್ನೋ ಕಳಿಸುತ್ತಾರೆ... ಬೇರೆ ಯಾರದೋ ಮಗನನ್ನು. ಅದನ್ನು ಈಗ ಯೋಚಿಸಲಾರೆ.

ಲುಕಾನಿಗೆ ಹೇಳಿದೆ, "ತೋಳಿನ ಬೆಳ್ಳಿ ಕಸೂತಿ ಸರಿಯಾಗಿಲ್ಲ."

"ಸರಿಯಾಗೇ ಇದೆಯಲ್ಲ ಅಮ್ಮಾವ್ರೇ."

"ಇಲ್ಲ."

ಯೆಫಿಮ್‌ನನ್ನು ನೋಡಿದ. ನನ್ನನ್ನು ನೋಡಿದ. ಚಾಕು ತೆಗೆದು ಬಣ್ಣವನ್ನೆಲ್ಲ ಕೆರೆದ.

"ಹೌದೌದು. ಥೂ, ತೀರಾ ಕೆಟ್ಟದಾಗಿದೆ."

ಅಕ್ಟೋಬರ್ 17

ಗುಂಡಿಗಳು ಬದಲಾದವು. ರೇಷ್ಮೆಯ ಮಡಿಕೆ ಬದಲಾಯಿತು. ಇವತ್ತು ಯಜಮಾನರೇ ಒಂದು ತಪ್ಪು ಹುಡುಕಿಕೊಟ್ಟರು.

"ಏನಯ್ಯಾ ಇದು? ನನ್ನ ಮಗನ ಕೈಯೋ, ಸೌದೆ ಒಡೆಯೋನ ಕೈಯೋ?"

ಅವರ ಮೇಲೆ ಮುದ್ದೇ ಬಂತು. ಕೈ ಪೂರಾ ಕೆರೆದಾಯಿತು, ಇನ್ನು ಬೆರಳುಗಳೆಲ್ಲ ಹೊಸದಾಗಿ ಆಗಬೇಕು. ಮವ್ರಾ ಅಣಬೆ ಕಡುಬು ಮಾಡಿ ತಂದಳು. ಬಹಳ ದಿನದ ಮೇಲೆ ಹೊಟ್ಟೆ ತುಂಬ ತಿಂದೆ.

ಅಕ್ಟೋಬರ್ 26

ಪ್ರಷ್ಯಾದ ಯುದ್ಧಭೂಮಿಯಿಂದ ಸವಾರ ಬಂದ. ಆರ್ಸೆನಿ ಇಲ್ಲ. ಗುಂಡಲ್ಲ... ಜ್ವರ. ಡೇರೆಯಲ್ಲಿ.

ನವೆಂಬರ್ 1

ಪ್ರಾರ್ಥನೆ ಮುಗಿಯಿತು. ಸತ್ತವರ ಹೆಸರಲ್ಲಿ ಹಂಚುವ, ಜೇನು ಬೆರೆಸಿದ ಗೋಧಿ ಹಾಗೇ ಉಳಿಯಿತು.

ಯಜಮಾನರು ಚಿತ್ರದೆದುರು ನಿಂತರು. ಎದೆಯವರೆಗೆ ನೀಲಿ, ಕೆಳಗೆ ಬರೀ ಕಂದು. ಕೈಗಳಿಲ್ಲ.

"ಮುಖ ಇದೆಯಲ್ಲ, ಸಾಕು. ಮೈ ಯಾರಿಗೆ ಬೇಕು ಇನ್ನು?"

ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ಕಂಡದ್ದು ಇದೇ ಮೊದಲು. ಅಂಥವರ ಎದುರು ಯೆಫಿಮ್‌ನ ಹೆಸರು ಹೇಗೆ ಎತ್ತಲಿ?

"ಕೈ ಒಂದಾದ್ರೂ ಬರೆದು ಮುಗಿಸ್ಲಿ..." ಎಂದೆ. ಕೇಳಿಸಿತೋ ಇಲ್ಲವೋ. ಸಂಜೆಯೊಳಗೆ ಲುಕಾನ ಪೆಟ್ಟಿಗೆ ಗಾಡಿ ಹತ್ತಿತು.

ನವೆಂಬರ್ 4, ಮಧ್ಯಾಹ್ನ

ಬೆಳಿಗ್ಗೆ ಯೆಫಿಮ್‌ನನ್ನು ಪಟ್ಟಣಕ್ಕೆ ಕರೆದೊಯ್ದರು. ಹಣೆ ಬೋಳಿಸುವುದು ಅಲ್ಲೇ. ಅಂಗಳದಲ್ಲಿ ಹೆಂಗಸರ ಗೋಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನನ್ನಿಂದಾದದ್ದು ಅಷ್ಟೇ. ಗಾಡಿ ಹತ್ತುವಾಗ ಅವನ ಬೆನ್ನು ಈ ಕಡೆಗಿತ್ತು. ಈ ಸಲ ಕರೆಯಲಿಲ್ಲ.

ಆಮೇಲೆ ಮವ್ರಾ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ನೀಲಿ ಕೋಟು.

"ತಾಯಿ, ಬಿಸ್ಲಿಗ್ ಆಕ್ಲಾ, ಇಲ್ಲ ಅಂಗೇ ಮಡ್ಚಿ ಇಡ್ಲಾ?"

ಕಿತ್ತುಕೊಂಡು ಮುಖಕ್ಕೆ ಒತ್ತಿದೆ. ಬೆವರಿನ ವಾಸನೆ. ಅವಳೂ ಒಂದು ತೋಳು ಹಿಡಿದು ಮೂಸಿದಳು. ನೆಲದ ಮೇಲೆ ಕೂತೇಬಿಟ್ಟಳು.

ಇನ್ನೂ ಇಲ್ಲೇ ಕೂತಿದ್ದಾಳೆ. ಕೋಟು ನಮ್ಮಿಬ್ಬರ ನಡುವೆ. ಈ ವಾಸನೆ ಯಾರದು, ನನ್ನವನದೋ ಅವಳವನದೋ? ಅವಳಿಗೆ ಗೊತ್ತಾಗುತ್ತದೆ, ಇಬ್ಬರನ್ನೂ ಎದೆಗೆ ಹಾಕಿಕೊಂಡವಳು. ನನಗೆ —